ಬಗೆಬಗೆಯ ಮೌಲ್ಯಗಳನ್ನು ಕೂಡಿಡುವ ಬಗೆ

ನಮ್ಮ ಅಡುಗೆಮನೆಗಳಲ್ಲಿ ಒಗ್ಗರಣೆಯ ಡಬ್ಬಿಯೊಂದು ಇರುವುದನ್ನು ವಾಚಕರೆಲ್ಲರೂ ಬಲ್ಲರು. ಒಂದೇ ಡಬ್ಬಿಯೊಳಗೆ ಆರೇಳು ಬಟ್ಟಲುಗಳು. ಒಂದರಲ್ಲಿ ಸಾಸಿವೆ, ಇನ್ನೊಂದರಲ್ಲಿ ಜೀರಿಗೆ, ಮತ್ತೊಂದರಲ್ಲಿ ಮೆಂತ್ಯ, ಹೀಗೆ ಬೇರೆ ಬೇರೆ ಪದಾರ್ಥಗಳು ಒಂದೆಡೆ ಕೂಡಿರುತ್ತವೆ. ಯಾವ ಬಟ್ಟಲಿಗೂ ಹೆಸರಿನ ಚೀಟಿ ಇರುವುದಿಲ್ಲ. ತೊಳೆದಿಡುವಾಗ ಬಟ್ಟಲುಗಳು ಸ್ಥಾನ ಬದಲಾಯಿಸಿದರೂ ಅಡುಗೆ ಕೆಡುವುದಿಲ್ಲ. ಏಕೆಂದರೆ ಕೈ ಹಾಕುವ ಮೊದಲೇ ಕಣ್ಣು ನೋಡಿರುತ್ತದೆ. ಆದರೆ ಕಣ್ಣೂ ಮೂಗೂ ಇಲ್ಲದ, ಹೇಳಿದಷ್ಟನ್ನೇ ತಪ್ಪದೆ ಮಾಡುವ ಒಬ್ಬ ಸೇವಕನನ್ನು ಒಲೆಯ ಮುಂದೆ ನಿಲ್ಲಿಸಿ, "ಮೂರನೆಯ ಬಟ್ಟಲಿನಿಂದ ಒಂದು ಚಮಚ ತೆಗೆದು ಎಣ್ಣೆಗೆ ಹಾಕು" ಎಂದು ಆಜ್ಞಾಪಿಸಿದೆವೆನ್ನಿ. ಬಟ್ಟಲುಗಳು ಅದಲುಬದಲಾದ ದಿನ ಸಾಸಿವೆಯ ಬದಲು ಮೆಂತ್ಯ ಎಣ್ಣೆಗೆ ಬೀಳುವುದು. ಸೇವಕನು ಮಾತ್ರ ಆಜ್ಞೆಯನ್ನು ಅಕ್ಷರಶಃ ಪಾಲಿಸಿದೆನೆಂದು ನಿಶ್ಚಿಂತನಾಗಿರುವನು.

ಗಣಕಯಂತ್ರವು ಇಂತಹ ಸೇವಕ. ಅದರ ಸ್ಮೃತಿಯಲ್ಲಿ ಇರುವುದೆಲ್ಲವೂ ಸೊನ್ನೆ ಮತ್ತು ಒಂದುಗಳ ಸಾಲು. ೦೧೦೦೦೦೦೧ ಎಂಬ ಎಂಟು ಬಿಟ್‌ಗಳನ್ನು ಸಂಖ್ಯೆಯೆಂದು ಓದಿದರೆ ಅದು ೬೫. ಆಸ್ಕಿ ಸಂಕೇತದ ಪ್ರಕಾರ ಅಕ್ಷರವೆಂದು ಓದಿದರೆ ಅದೇ ಇಂಗ್ಲಿಷಿನ ದೊಡ್ಡಕ್ಷರ 'ಎ'. ಬಿಟ್‌ಗಳು ತಮ್ಮ ಅರ್ಥವನ್ನು ತಾವೇ ಹೇಳಿಕೊಳ್ಳಲಾರವು. ಆ ಅರ್ಥವನ್ನು ಕೊಡಬೇಕಾದವರು ಪ್ರೋಗ್ರಾಮನ್ನು ಬರೆಯುವ ಮನುಷ್ಯರು.

ಹೀಗಿರುವಲ್ಲಿ, ಒಂದಕ್ಕೊಂದು ಸಂಬಂಧಪಟ್ಟ, ಆದರೆ ಬೇರೆ ಬೇರೆ ಬಗೆಯ ಮೌಲ್ಯಗಳನ್ನು ಪ್ರೋಗ್ರಾಮಿನಲ್ಲಿ ಹೇಗೆ ಕೂಡಿಡಬೇಕು? ಒಂದು ಹೆಸರು, ಒಂದು ದಿನಾಂಕ, ಒಂದು ಅಳತೆ, ಒಂದು ಹೌದು–ಅಲ್ಲ, ಇವನ್ನೆಲ್ಲ ಒಂದೇ ಪಟ್ಟಿಯಲ್ಲಿ ಸಾಲಾಗಿ ಇಟ್ಟರೆ ಸಾಲದೆ? ಪ್ರೋಗ್ರಾಮಿಂಗ್ ಕಲಿಯಲು ತೊಡಗಿದ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಬಹುಬೇಗ ಎದುರಾಗುವುದು. ಅನೇಕರು ಬೆರಳಿಗೆ ಸುಲಭವಾದುದನ್ನು ಆರಿಸಿಕೊಂಡು ಮುಂದೆ ಸಾಗುವರು. ನಮ್ಮ ಅಭಿಪ್ರಾಯದಲ್ಲಿ ಇದು ಬೆರಳಿನ ಸುಲಭಕ್ಕೆ ಬಿಡಬೇಕಾದ ವಿಷಯವಲ್ಲ. ಹಲವು ಬಗೆಯ ಮೌಲ್ಯಗಳು ಕೂಡಿ ಒಂದೇ ವಸ್ತುವಾಗುವುದಾದರೆ, ಆ ವಸ್ತುವಿಗೂ ಅದರ ಪ್ರತಿಯೊಂದು ಅಂಗಕ್ಕೂ ಹೆಸರನ್ನು ಕೊಡಬೇಕು; ಸಾಲಿನಲ್ಲಿರುವ ಸ್ಥಾನವನ್ನು ನಂಬಿ ಕೂಡದು. ಈ ಮಾತಿಗೆ ಕಾರಣಗಳನ್ನು ಕೊಡುವುದೇ ಈ ಲೇಖನದ ಉದ್ದೇಶ.

ಒಂದು ಮಳೆಯ ಲೆಕ್ಕ

ವಿಷಯವು ಸ್ಪಷ್ಟವಾಗಲು ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ಕಾಲೇಜಿನ ವಿಜ್ಞಾನ ಸಂಘದವರು ಮಳೆಮಾಪಕವೊಂದನ್ನು ನೆಟ್ಟಿರುವರೆಂದು ಭಾವಿಸಿರಿ. ಭಾರತ ಹವಾಮಾನ ಇಲಾಖೆಯ ಪದ್ಧತಿಯಂತೆ ಬೆಳಿಗ್ಗೆ ೮ ಗಂಟೆ ೩೦ ನಿಮಿಷಕ್ಕೆ ಕೊನೆಗೊಳ್ಳುವ ಇಪ್ಪತ್ತನಾಲ್ಕು ಗಂಟೆಗಳ ಮಳೆಯನ್ನು ಅವರು ದಿನವೂ ಅಳೆಯುವರು. ಪ್ರತಿಯೊಂದು ವೀಕ್ಷಣೆಯಲ್ಲಿಯೂ ಸ್ಥಳದ ಹೆಸರು, ದಿನಾಂಕ, ಮಿಲಿಮೀಟರಿನಲ್ಲಿ ಮಳೆ, ಅಂದು ಅಳತೆ ನಡೆಯಿತೆ ಇಲ್ಲವೆ ಎಂಬ ನಾಲ್ಕು ಸಂಗತಿಗಳಿವೆ. ಮೊದಲನೆಯದು ಪದ, ಎರಡನೆಯದು ದಿನಾಂಕ, ಮೂರನೆಯದು ದಶಮಾಂಶ ಸಂಖ್ಯೆ, ನಾಲ್ಕನೆಯದು ಹೌದು–ಅಲ್ಲ. ನಾಲ್ಕೂ ಬೇರೆ ಬೇರೆ ಬಗೆಗಳು.

ಪೈಥಾನ್ ಭಾಷೆಯಲ್ಲಿ ಇವನ್ನು ಒಂದು ಲಿಸ್ಟಿನಲ್ಲಿ, ಅಂದರೆ ಪಟ್ಟಿಯಲ್ಲಿ, ಇಡಲು ಯಾವ ಅಡ್ಡಿಯೂ ಇಲ್ಲ. ಆ ಭಾಷೆಯ ಪಟ್ಟಿಯು ಯಾವ ಬಗೆಯ ಮೌಲ್ಯವನ್ನಾದರೂ ಒಳಗೆ ಸೇರಿಸಿಕೊಳ್ಳುವುದು. ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ ಸ್ಥಳವು ೦ನೆಯ ಸ್ಥಾನದಲ್ಲಿಯೂ ದಿನಾಂಕವು ೧ನೆಯ ಸ್ಥಾನದಲ್ಲಿಯೂ ಮಳೆಯು ೨ನೆಯ ಸ್ಥಾನದಲ್ಲಿಯೂ ಇರುವುವು. ಒಂದು ತಿಂಗಳ ಒಟ್ಟು ಮಳೆ ಬೇಕಾದರೆ ಪ್ರತಿ ಪಟ್ಟಿಯಿಂದ ೨ನೆಯ ಸ್ಥಾನದ ಮೌಲ್ಯವನ್ನು ತೆಗೆದು ಕೂಡಿದರಾಯಿತು.

ಎರಡು ತಿಂಗಳ ಅನಂತರ ಸಂಘದವರು ಉಷ್ಣತಾಮಾಪಕವೊಂದನ್ನು ತಂದು, ದಿನದ ಗರಿಷ್ಠ ಉಷ್ಣತೆಯನ್ನೂ ದಾಖಲಿಸಲು ನಿಶ್ಚಯಿಸುವರೆನ್ನಿ. ಒಬ್ಬನು ದಿನಾಂಕವಾದ ಮೇಲೆ ಉಷ್ಣತೆಯನ್ನು ಸೇರಿಸುವನು. ಮಳೆಯು ೩ನೆಯ ಸ್ಥಾನಕ್ಕೆ ಸರಿಯುವುದು. ಆದರೆ ಒಟ್ಟು ತೆಗೆಯುವ ಭಾಗವನ್ನು ಬರೆದವಳು ಇನ್ನೊಬ್ಬಳು; ಅಲ್ಲಿ '೨' ಎಂದೇ ಉಳಿದಿರುವುದು. ಈಗ ಯಂತ್ರವು ಪ್ರತಿದಿನದ ಉಷ್ಣತೆಯನ್ನು ಮಳೆಯೆಂದು ಕೂಡಲಾರಂಭಿಸುವುದು. ೩೧.೫ ಎಂಬುದು ಡಿಗ್ರಿಯೂ ಆಗಬಹುದು, ಮಿಲಿಮೀಟರೂ ಆಗಬಹುದು. ಎರಡೂ ದಶಮಾಂಶ ಸಂಖ್ಯೆಗಳೇ. ಪೈಥಾನಿನಲ್ಲಿ ಪ್ರತಿಯೊಂದು ಮೌಲ್ಯಕ್ಕೂ ತಾನು ಸಂಖ್ಯೆಯೋ ಪದವೋ ಎಂಬುದು ಗೊತ್ತು. ಆದರೆ ಯಾವುದರ ಸಂಖ್ಯೆ ಎಂಬುದು ಗೊತ್ತಿಲ್ಲ. ಆದುದರಿಂದ ಪ್ರೋಗ್ರಾಮು ನಿಲ್ಲುವುದಿಲ್ಲ, ದೂರುವುದಿಲ್ಲ. ಒಂದು ಹನಿಯೂ ಬೀಳದ ಏಪ್ರಿಲ್ ತಿಂಗಳಿಗೆ ಸಾವಿರ ಮಿಲಿಮೀಟರಿನಷ್ಟು ಮಳೆಯನ್ನು ಅಚ್ಚುಕಟ್ಟಾಗಿ ಮುದ್ರಿಸಿಕೊಡುವುದು.

ಇನ್ನು ಕೆಲವರು ಸ್ಥಳಗಳಿಗೆ ಒಂದು ಪಟ್ಟಿ, ದಿನಾಂಕಗಳಿಗೆ ಒಂದು ಪಟ್ಟಿ, ಮಳೆಗೆ ಇನ್ನೊಂದು ಪಟ್ಟಿ ಎಂದು ಸಮಾನಾಂತರ ಪಟ್ಟಿಗಳನ್ನು ಇಡುವರು. ಪ್ರತಿ ಪಟ್ಟಿಯಲ್ಲಿಯೂ ಒಂದೇ ಬಗೆಯ ಮೌಲ್ಯಗಳಿರುವುದರಿಂದ ಇದು ಶಿಸ್ತಾಗಿ ಕಾಣುವುದು. ಆದರೆ ಸ್ಥಳಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿ, ಮಳೆಯ ಪಟ್ಟಿಯನ್ನು ಹಾಗೆಯೇ ಬಿಟ್ಟರೆ ಏನಾಗುವುದು? ಆಗುಂಬೆಯ ಮಳೆ ಚಳ್ಳಕೆರೆಗೆ ಸುರಿಯುವುದು, ಚಳ್ಳಕೆರೆಯ ಬಿಸಿಲು ಆಗುಂಬೆಗೆ ಬೀಳುವುದು! ಇಲ್ಲಿಯೂ ಯಂತ್ರವು ತುಟಿಪಿಟಕ್ಕೆನ್ನದು.

ಶಬ್ದ ಮಾಡುವ ತಪ್ಪು ಅಷ್ಟು ಕೆಟ್ಟದ್ದಲ್ಲ. ಪ್ರೋಗ್ರಾಮು ನಡುವೆ ನಿಂತರೆ ನಾವು ಹುಡುಕಿ ತಿದ್ದುವೆವು. ಶಬ್ದವಿಲ್ಲದೆ ಸುಳ್ಳು ಫಲಿತಾಂಶವನ್ನು ಕೊಡುವ ತಪ್ಪೇ ವಿಜ್ಞಾನಕ್ಕೆ ಶತ್ರು.

ಗುಂಪು ಬೇರೆ, ಒಡಲು ಬೇರೆ

ಈ ಗೊಂದಲದ ಮೂಲ 'ಕೂಡಿಡುವುದು' ಎಂಬ ಮಾತಿನಲ್ಲಿಯೇ ಇದೆ. ಆ ಮಾತಿಗೆ ಎರಡು ಅರ್ಥಗಳುಂಟು. ಬುಟ್ಟಿಯಲ್ಲಿ ಇಪ್ಪತ್ತು ಮಾವಿನಹಣ್ಣುಗಳನ್ನು ಕೂಡಿಟ್ಟರೆ ಅದು ಗುಂಪು. ಎರಡು ಹಣ್ಣುಗಳನ್ನು ತೆಗೆದರೂ, ಮೇಲಿನದನ್ನು ಕೆಳಗಿಟ್ಟರೂ ಅದು ಮಾವಿನಹಣ್ಣಿನ ಬುಟ್ಟಿಯೇ. ಬೇರು, ಕಾಂಡ, ಕೊಂಬೆ, ಎಲೆಗಳು ಕೂಡಿ ಆದ ಮಾವಿನ ಮರದ ಸಂಗತಿ ಹಾಗಲ್ಲ. ಅಲ್ಲಿ ಪ್ರತಿಯೊಂದು ಅಂಗವೂ ಬೇರೆ ಬಗೆಯದು. ಪ್ರತಿಯೊಂದಕ್ಕೂ ತನ್ನದೇ ಆದ ಕೆಲಸವಿದೆ. ಬೇರನ್ನು ತೆಗೆದರೆ ಮರವಿಲ್ಲ. ಇದನ್ನು ಒಡಲೆಂದು ಕರೆಯೋಣ.

ಪಟ್ಟಿಯು ಗುಂಪಿಗಾಗಿ ಹುಟ್ಟಿದ ರಚನೆ. ಒಂದು ವರ್ಷದ ೩೬೫ ವೀಕ್ಷಣೆಗಳನ್ನು ಪಟ್ಟಿಯಲ್ಲಿಡುವುದು ಸರ್ವಥಾ ಯುಕ್ತ. ಆದರೆ ಒಂದು ವೀಕ್ಷಣೆಯೆಂಬುದು ಒಡಲು. ಅದರ ಅಂಗಗಳನ್ನು ಪಟ್ಟಿಯಲ್ಲಿ ಸಾಲಾಗಿ ನಿಲ್ಲಿಸುವುದು ಮರವನ್ನು ಕಡಿದು ಬುಟ್ಟಿಯಲ್ಲಿ ತುಂಬಿದಂತೆ. ಆಯ್ಕೆ ಮಾಡುವ ಮುನ್ನ ವಿದ್ಯಾರ್ಥಿಯು ತನ್ನನ್ನು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು. ಇವುಗಳ ಕ್ರಮವನ್ನು ಕಲಸಿದರೆ ಅರ್ಥ ಕೆಡುವುದೆ? ಒಂದನ್ನು ತೆಗೆದುಹಾಕಿದರೆ ಉಳಿದದ್ದು ಅಪೂರ್ಣವೆನಿಸುವುದೆ? ಎರಡಕ್ಕೂ 'ಹೌದು' ಎಂಬ ಉತ್ತರ ಬಂದರೆ ಅದು ಒಡಲು. ಅದಕ್ಕೆ ತಕ್ಕುದು ಕ್ಲಾಸ್ ಅಥವಾ ರೆಕಾರ್ಡ್ ಎಂಬ ರಚನೆ. ಕ್ಲಾಸ್ ಎಂಬುದು ಅಚ್ಚು; ಅದರಿಂದ ತೆಗೆದ ಒಂದೊಂದು ಬಿಂಬವೂ ಒಂದು ಆಬ್ಜೆಕ್ಟ್, ಅಂದರೆ ವಸ್ತು. 'ವೀಕ್ಷಣೆ' ಎಂಬ ಅಚ್ಚನ್ನು ಒಮ್ಮೆ ಮಾಡಿ, ಅದಕ್ಕೆ ಸ್ಥಳ, ದಿನಾಂಕ, ಮಳೆ, ಅಳತೆಯಾಯಿತೆ ಎಂಬ ಹೆಸರುಳ್ಳ ಅಂಗಗಳನ್ನು ಕೊಟ್ಟರೆ, ಆಮೇಲೆ ಉಷ್ಣತೆಯನ್ನು ಎಲ್ಲಿ ಸೇರಿಸಿದರೂ ಮಳೆಯು ಮಳೆಯಾಗಿಯೇ ಉಳಿಯುವುದು. ವಸ್ತುವನ್ನು ರಚಿಸುವಾಗಲೂ ಹೆಸರು ಹೇಳಿಯೇ ಮೌಲ್ಯವನ್ನು ಕೊಡುವ ಪದ್ಧತಿಯನ್ನು ಪೈಥಾನ್ ಒದಗಿಸಿದೆ. ಅದನ್ನು ಬಳಸಿದರೆ ಸ್ಥಾನದ ಹಂಗೇ ಇರುವುದಿಲ್ಲ.

ಸ್ಥಾನದಿಂದ ಹೆಸರಿನ ಕಡೆಗೆ

ಈ ವಿವೇಕವು ಒಂದೇ ದಿನ ಬಂದುದಲ್ಲ. ೧೮೯೦ರ ಅಮೆರಿಕದ ಜನಗಣತಿಗಾಗಿ ಹರ್ಮನ್ ಹಾಲರಿತ್ ರೂಪಿಸಿದ ರಂಧ್ರಪತ್ರಗಳಲ್ಲಿ ಅರ್ಥವೆಲ್ಲವೂ ಸ್ಥಾನವನ್ನೇ ಅವಲಂಬಿಸಿತ್ತು. ಇಂತಹ ಜಾಗದಲ್ಲಿ ರಂಧ್ರವಿದ್ದರೆ ಪುರುಷ, ಇಂತಹ ಜಾಗದಲ್ಲಿದ್ದರೆ ಸ್ತ್ರೀ ಎಂಬ ಕಟ್ಟಳೆ. ೧೯೨೮ರಲ್ಲಿ ಐಬಿಎಂ ಸಂಸ್ಥೆಯು ತಂದ ೮೦ ಕಂಬಗಳ ಪತ್ರದಲ್ಲಿಯೂ ಅದೇ ನಿಯಮ. ೧೯೫೭ರಲ್ಲಿ ಬಂದ ಫೋರ್ಟ್ರಾನ್ ಭಾಷೆಯು ವಿಜ್ಞಾನಿಗಳಿಗೆ ಅರೇ ಎಂಬ ಒಂದೇ ಬಗೆಯ ಸಂಖ್ಯೆಗಳ ಸಾಲನ್ನು ಕೊಟ್ಟಿತು; ಬೇರೆ ಬೇರೆ ಬಗೆಗಳನ್ನು ಹೆಸರಿಟ್ಟು ಕೂಡಿಸುವ ರಚನೆಯು ಆ ಭಾಷೆಯ ನಿಯಮಾವಳಿಗೆ ಸೇರಿದುದು 'ಫೋರ್ಟ್ರಾನ್ ೯೦' ಎಂಬ ಆವೃತ್ತಿಯಲ್ಲಿ. ಅದುವರೆಗೆ ಸಮಾನಾಂತರ ಸಾಲುಗಳೇ ಗತಿಯಾಗಿದ್ದುವು.

ವ್ಯಾಪಾರದ ಲೆಕ್ಕಕ್ಕಾಗಿ ೧೯೬೦ರಲ್ಲಿ ರೂಪುಗೊಂಡ ಕೋಬಾಲ್ ಭಾಷೆಯು ಬೇರೆ ದಾರಿ ಹಿಡಿಯಿತು. ನೌಕರನ ಹೆಸರು, ಸಂಖ್ಯೆ, ಸಂಬಳ ಇವನ್ನು ಒಂದು ದಾಖಲೆಯೊಳಗೆ ಪ್ರತ್ಯೇಕ ಹೆಸರುಗಳಿಂದ ಬರೆಯುವ ವ್ಯವಸ್ಥೆ ಅದರಲ್ಲಿತ್ತು. ೧೯೬೫ರಲ್ಲಿ ಟೋನಿ ಹೋರ್ ಎಂಬ ಆಂಗ್ಲ ವಿದ್ವಾಂಸರು ಇಂತಹ ದಾಖಲೆಗಳನ್ನು ವರ್ಗಗಳಾಗಿ ವಿಂಗಡಿಸುವ ವಿಚಾರವನ್ನು ಮಂಡಿಸಿದರು. ಆ ವಿಚಾರದ ಪ್ರಭಾವವನ್ನು ಪಡೆದು, ಓಸ್ಲೋ ನಗರದ ನಾರ್ವೇಜಿಯನ್ ಗಣನ ಕೇಂದ್ರದಲ್ಲಿ ಒಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗೋರ್ ಎಂಬವರು ಸಿಮುಲಾ ೬೭ ಎಂಬ ಭಾಷೆಯನ್ನು ರಚಿಸಿದರು. ದತ್ತಾಂಶವನ್ನೂ ಅದರ ಮೇಲೆ ನಡೆಯುವ ಕ್ರಿಯೆಗಳನ್ನೂ ಒಂದೇ ಹೆಸರಿನಡಿ ಕೂಡಿಸುವ 'ಕ್ಲಾಸ್' ಎಂಬ ಕಲ್ಪನೆ ಅಲ್ಲಿ ನೆಲೆಗೊಂಡಿತು. ಇಂದಿನ ಜಾವಾ, ಸಿ ಪ್ಲಸ್ ಪ್ಲಸ್, ಪೈಥಾನ್ ಮೊದಲಾದ ಭಾಷೆಗಳ ಆಬ್ಜೆಕ್ಟ್ ಓರಿಯೆಂಟೆಡ್ ಪದ್ಧತಿಯು ಈ ಬೀಜದಿಂದ ಬೆಳೆದುದು.

೧೯೭೦ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಎಂಬವರು ದತ್ತಸಂಗ್ರಹಗಳನ್ನು ಕುರಿತು ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿಯೂ ಇದೇ ಮಾತಿದೆ. ಕೋಷ್ಟಕದ ಕಂಬಗಳು ಯಾವ ಕ್ರಮದಲ್ಲಿವೆಯೆಂಬುದನ್ನು ನೆನಪಿಡುವ ಹೊರೆಯನ್ನು ಬಳಕೆದಾರರ ಮೇಲೆ ಹೊರಿಸಬಾರದು, ಕಂಬಗಳನ್ನು ಹೆಸರಿನಿಂದಲೇ ಗುರುತಿಸಬೇಕು ಎಂದು ಅವರು ಅಭಿಪ್ರಾಯಪಟ್ಟರು.

"ನಮ್ಮ ಹಳ್ಳಿಗಳಲ್ಲಿ ಜನರು ಪಹಣಿಯ ಕಾಲಂಗಳನ್ನು ಸಂಖ್ಯೆಯಿಂದಲೇ ಗುರುತಿಸುವುದಿಲ್ಲವೆ?" ಎಂದು ಯಾರಾದರೂ ಕೇಳಬಹುದು. ನಿಜ. ೯ನೆಯ ಕಾಲಂ ಎಂದರೆ ಸ್ವಾಧೀನದಾರರ ಹೆಸರು, ೧೧ನೆಯ ಕಾಲಂ ಎಂದರೆ ಇತರ ಹಕ್ಕು ಮತ್ತು ಋಣ, ಎಂಬುದು ರೈತರಿಗೆ ಬಾಯಿಪಾಠ. ಆದರೆ ಆ ಸಂಖ್ಯೆಯು ಕೆಲಸ ಮಾಡುವುದು ಪ್ರತಿ ಪಹಣಿಯ ಹಾಳೆಯ ಮೇಲೂ ಆ ಕಾಲಂನ ಶಿರೋನಾಮೆ ಅಚ್ಚಾಗಿರುವುದರಿಂದ. ಸಂದೇಹ ಬಂದವರು ಕಣ್ಣೆತ್ತಿ ನೋಡಬಹುದು. ಶಿರೋನಾಮೆಯನ್ನು ಹರಿದುಹಾಕಿ, ಅಂಕಣಗಳೊಳಗಿನ ಬರಹವನ್ನು ಮಾತ್ರ ಉಳಿಸಿದರೆ ಆ ಹಾಳೆಯ ಮೇಲೆ ಯಾವ ಬ್ಯಾಂಕು ಸಾಲ ಕೊಟ್ಟೀತು? ಮೌಲ್ಯಗಳನ್ನಷ್ಟೇ ತುಂಬಿದ ಪಟ್ಟಿಯು ಹೀಗೆ ಶಿರೋನಾಮೆ ಹರಿದ ಪಹಣಿ.

ಹೆಸರು ತಪ್ಪಿದಾಗ ಆದ ನಷ್ಟ

ಇದೆಲ್ಲವೂ ಶಾಲೆಯ ಮಕ್ಕಳ ಲೆಕ್ಕದ ಮಾತೆಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ನಾಸಾ ಸಂಸ್ಥೆಯು ೧೯೯೮ರ ಡಿಸೆಂಬರ್ ೧೧ರಂದು 'ಮಾರ್ಸ್ ಕ್ಲೈಮೇಟ್ ಆರ್ಬಿಟರ್' ಎಂಬ ನೌಕೆಯನ್ನು ಮಂಗಳ ಗ್ರಹದತ್ತ ಹಾರಿಸಿತು. ೧೯೯೯ರ ಸೆಪ್ಟೆಂಬರ್ ೨೩ರಂದು ಅದು ಮಂಗಳವನ್ನು ತಲಪಿ, ಗ್ರಹದ ಹಿಂದೆ ಮರೆಯಾದುದು ಮತ್ತೆ ಕಾಣಿಸಲೇ ಇಲ್ಲ. ತನಿಖೆಯಲ್ಲಿ ಹೊರಬಿದ್ದ ಕಾರಣವು ಅತ್ಯಂತ ಸಾಮಾನ್ಯವಾದುದು. ನೌಕೆಯ ಪುಟ್ಟ ಎಂಜಿನುಗಳು ಕೊಟ್ಟ ಆವೇಗವನ್ನು ಭೂಮಿಯ ಮೇಲಿನ ಒಂದು ಪ್ರೋಗ್ರಾಮು ಪೌಂಡು-ಸೆಕೆಂಡುಗಳಲ್ಲಿ ಬರೆಯುತ್ತಿತ್ತು. ಅದನ್ನು ಓದುವ ಇನ್ನೊಂದು ಪ್ರೋಗ್ರಾಮು ನ್ಯೂಟನ್-ಸೆಕೆಂಡುಗಳೆಂದು ಭಾವಿಸಿತ್ತು. ಇವೆರಡಕ್ಕೂ ಸುಮಾರು ೪.೪೫ರಷ್ಟು ಅಂತರ. ಮಂಗಳದ ಮೇಲ್ಮೈಯಿಂದ ಸುಮಾರು ೨೨೬ ಕಿಲೋಮೀಟರು ಎತ್ತರದಲ್ಲಿ ಹಾದುಹೋಗಬೇಕಾಗಿದ್ದ ನೌಕೆಯು ಸುಮಾರು ೫೭ ಕಿಲೋಮೀಟರಿನಷ್ಟು ಕೆಳಕ್ಕೆ ಇಳಿದುಬಿಟ್ಟಿತ್ತೆಂದು ಅನಂತರದ ಲೆಕ್ಕದಿಂದ ತಿಳಿಯಿತು.

ಒಂದು ಅಳತೆಯೆಂಬುದು ವಾಸ್ತವವಾಗಿ ಎರಡು ಬಗೆಯ ಮೌಲ್ಯಗಳ ಕೂಟ: ಒಂದು ಸಂಖ್ಯೆ, ಒಂದು ಮಾನ. ಸಂಖ್ಯೆಯನ್ನು ಮಾತ್ರ ಕಳುಹಿಸಿ ಮಾನವನ್ನು ಕಳುಹಿಸುವವನ ಮನಸ್ಸಿನಲ್ಲಿಯೇ ಉಳಿಸಿಕೊಂಡರೆ ಒಡಲಿನ ಅರ್ಧಭಾಗ ಹಿಂದುಳಿದಂತೆ. ನೌಕೆಯ ನಾಶಕ್ಕೆ ಪರೀಕ್ಷೆಯ ಕೊರತೆ, ಪರಸ್ಪರ ಸಂಪರ್ಕದ ಕೊರತೆ ಮುಂತಾದ ಬೇರೆ ಕಾರಣಗಳೂ ಇದ್ದುವು. ಆದರೂ ಬರಿಯ ಸಂಖ್ಯೆಯು ಮಾನವನ್ನು ಬಿಟ್ಟು ಪ್ರಯಾಣ ಮಾಡಿದುದೇ ಮೊದಲ ಹೆಜ್ಜೆಯೆಂಬುದನ್ನು ಮರೆಯಲಾಗದು.

ಎರಡನೆಯ ಉದಾಹರಣೆ ಜೀವವಿಜ್ಞಾನದ್ದು. ಮನುಷ್ಯನ ಜೀನುಗಳಲ್ಲಿ ಕೆಲವಕ್ಕೆ 'ಸೆಪ್ಟ್ ೨', 'ಮಾರ್ಚ್ ೧' ಎಂಬಂತಹ ಗುರುತುಗಳಿದ್ದುವು. ವಿಜ್ಞಾನಿಗಳು ಇವನ್ನು ಸ್ಪ್ರೆಡ್‌ಶೀಟಿನಲ್ಲಿ ತುಂಬಿದಾಗ, ಆ ಸಾಫ್ಟ್‌ವೇರು ಇವು ತಾರೀಖುಗಳಿರಬೇಕೆಂದು ತಾನೇ ಊಹಿಸಿ ಸೆಪ್ಟೆಂಬರ್ ೨, ಮಾರ್ಚ್ ೧ ಎಂದು ಬದಲಾಯಿಸಿತು. ಅಂಕಣಕ್ಕೆ ಯಾವ ಬಗೆಯೆಂದು ಮೊದಲೇ ಹೇಳದಿದ್ದುದರ ಫಲ ಇದು. ೨೦೧೬ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಪ್ರಮುಖ ಜೀನೋಮ್ ಪತ್ರಿಕೆಗಳಲ್ಲಿ ಬಂದ, ಇಂತಹ ಜೀನುಪಟ್ಟಿಗಳನ್ನು ಲಗತ್ತಿಸಿದ್ದ ಲೇಖನಗಳ ಪೈಕಿ ಸುಮಾರು ಐದರಲ್ಲಿ ಒಂದರಲ್ಲಿ ಹೆಸರುಗಳು ಹೀಗೆ ಕೆಟ್ಟಿದ್ದುವು. ಕಡೆಗೆ ೨೦೨೦ರಲ್ಲಿ ಜೀನುಗಳ ನಾಮಕರಣ ಸಮಿತಿಯವರು ಜೀನುಗಳ ಹೆಸರನ್ನೇ 'ಸೆಪ್ಟಿನ್ ೨', 'ಮಾರ್ಚ್‌ಎಫ್ ೧' ಎಂದು ತಿದ್ದಬೇಕಾಯಿತು. ಬಗೆಯನ್ನು ಹೇಳದೆ ಇಟ್ಟ ಮೌಲ್ಯವು ಕೊನೆಗೆ ವಿಜ್ಞಾನದ ಪರಿಭಾಷೆಯನ್ನೇ ಬದಲಾಯಿಸಿತು!

ಬಾಗಿಲಲ್ಲಿ ಕಾವಲು

ಕ್ಲಾಸಿನ ಪ್ರಯೋಜನವು ಹೆಸರಿಡುವುದರಲ್ಲಿಯೇ ಮುಗಿಯುವುದಿಲ್ಲ. ವಸ್ತುವು ಹುಟ್ಟುವ ಕ್ಷಣದಲ್ಲಿ ಬಾಗಿಲಲ್ಲಿ ಒಂದು ಕಾವಲನ್ನು ಇಡಬಹುದು. ಮಳೆಯ ಪ್ರಮಾಣ ಸೊನ್ನೆಗಿಂತ ಕಡಿಮೆಯೆಂದು ಯಾರಾದರೂ ಬರೆದರೆ ವೀಕ್ಷಣೆಯ ವಸ್ತುವು ಹುಟ್ಟಲೇ ಕೂಡದು. ಅಳತೆಯನ್ನು ಅಂಗುಲದಲ್ಲಿ ಕೊಟ್ಟವರಿಗೆ ಬೇರೆ ಬಾಗಿಲನ್ನು ತೋರಿಸಿ, ಅಲ್ಲಿಯೇ ೨೫.೪ರಿಂದ ಗುಣಿಸಿ ಮಿಲಿಮೀಟರಾಗಿ ಒಳಗೆ ಬಿಡಬಹುದು.

ಎಲ್ಲಕ್ಕಿಂತ ಮುಖ್ಯವಾದುದು ಸೊನ್ನೆಯ ಪ್ರಶ್ನೆ. 'ಮಳೆ ಬೀಳಲಿಲ್ಲ' ಎಂಬುದೂ 'ನಾವು ಅಳೆಯಲಿಲ್ಲ' ಎಂಬುದೂ ಒಂದೇ ಅಲ್ಲ. ಬರಿಯ ಸಂಖ್ಯೆಗಳ ಪಟ್ಟಿಯಲ್ಲಿ ಅಳೆಯದ ದಿನಕ್ಕೆ ಒಬ್ಬನು ೦ ಎಂದೂ ಇನ್ನೊಬ್ಬನು ೯೯೯ ಎಂದೂ ಬರೆಯುವನು. ಸರಾಸರಿಯು ಎರಡು ದಿಕ್ಕಿಗೂ ಎಳೆದಾಡುವುದು. ವೀಕ್ಷಣೆಯೆಂಬ ವಸ್ತುವಿನಲ್ಲಿ ಈ ಎರಡು ಸ್ಥಿತಿಗಳಿಗೆ ಬೇರೆ ಬೇರೆ ಹೆಸರಿನ ಜಾಗವಿದ್ದರೆ ಈ ಅನರ್ಥಕ್ಕೆ ಅವಕಾಶವಿಲ್ಲ.

ವಸ್ತುವಿಗೆ ತನ್ನ ವಿಷಯದಲ್ಲಿ ಉತ್ತರ ಹೇಳುವ ಶಕ್ತಿಯನ್ನೂ ಕೊಡಬಹುದು. ಹವಾಮಾನ ಇಲಾಖೆಯ ವ್ಯಾಖ್ಯೆಯಂತೆ ೨.೫ ಮಿಲಿಮೀಟರು ಅಥವಾ ಅದಕ್ಕಿಂತ ಹೆಚ್ಚು ಮಳೆ ಬಿದ್ದ ದಿನವೇ 'ಮಳೆಯ ದಿನ'. ಈ ನಿಯಮವನ್ನು ಪ್ರೋಗ್ರಾಮಿನ ಹತ್ತು ಕಡೆ ಬರೆಯುವ ಬದಲು ವೀಕ್ಷಣೆಯ ಕ್ಲಾಸಿನೊಳಗೆ ಒಮ್ಮೆ ಬರೆದರೆ, "ನೀನು ಮಳೆಯ ದಿನವೆ?" ಎಂದು ಯಾವ ವೀಕ್ಷಣೆಯನ್ನಾದರೂ ಕೇಳಬಹುದು. ಸಂಘದವರು ಮುಂದೆ ಗಾಳಿಯ ವೇಗವನ್ನೂ ಅಳೆಯಲು ತೊಡಗಿ, ಮಳೆ, ಉಷ್ಣತೆ, ಗಾಳಿ ಎಂಬ ಮೂರು ಬಗೆಯ ವೀಕ್ಷಣೆಗಳನ್ನು ಬೇರೆ ಬೇರೆ ಕ್ಲಾಸುಗಳಾಗಿ ಮಾಡಿ, ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಇಡಬೇಕಾಗಿ ಬಂದರೂ ಈ ಶಕ್ತಿಯೇ ನೆರವಾಗುವುದು. ಪ್ರತಿಯೊಂದನ್ನೂ "ನೀನು ಯಾವ ಬಗೆ?" ಎಂದು ವಿಚಾರಿಸಿ ಬೇರೆ ಬೇರೆ ದಾರಿ ಹಿಡಿಯುವುದಕ್ಕಿಂತ, ಮೂರಕ್ಕೂ 'ವರದಿ ಕೊಡು' ಎಂಬ ಒಂದೇ ಆಜ್ಞೆಯನ್ನು ಕಲಿಸಿಟ್ಟರೆ, ಒಂದೊಂದೂ ತನ್ನ ರೀತಿಯಲ್ಲಿ ವರದಿಯನ್ನು ಕೊಡುವುದು. ಹಲವು ಬಗೆಯ ವಸ್ತುಗಳು ಪಟ್ಟಿಯಲ್ಲಿ ಕೂಡಿರುವುದು ಆಗ ದೋಷವಲ್ಲ. ಏಕೆಂದರೆ ಅವು ತಮ್ಮ ಗುರುತನ್ನು ತಾವೇ ಹೊತ್ತಿವೆ.

ಆಕ್ಷೇಪಗಳು

ಈ ಮಾತುಗಳಿಗೆ ಕೆಲವು ಆಕ್ಷೇಪಗಳುಂಟು. ಅವುಗಳಲ್ಲಿ ಸತ್ಯಾಂಶವೂ ಉಂಟು.

ಮೊದಲನೆಯದಾಗಿ, ಕ್ಲಾಸನ್ನು ಬರೆಯುವುದು ದೀರ್ಘವೆಂಬ ದೂರು. ಹಿಂದೆ ಇದು ನಿಜವಾಗಿತ್ತು. ಆದರೆ ಪೈಥಾನ್ ೨೦೧೮ರಲ್ಲಿ 'ಡೇಟಾಕ್ಲಾಸ್' ಎಂಬ ಸೌಕರ್ಯವನ್ನೂ ಜಾವಾ ೨೦೨೧ರಲ್ಲಿ 'ರೆಕಾರ್ಡ್' ಎಂಬುದನ್ನೂ ತಮ್ಮ ಭಾಷೆಗೆ ಸೇರಿಸಿದುವು. ಈಗ ಅಂಗಗಳ ಹೆಸರನ್ನೂ ಬಗೆಯನ್ನೂ ನಾಲ್ಕಾರು ಸಾಲುಗಳಲ್ಲಿ ಬರೆದರೆ ಉಳಿದುದನ್ನು ಭಾಷೆಯೇ ಒದಗಿಸುವುದು. ಆದರೆ ಒಂದು ಎಚ್ಚರಿಕೆ ಬೇಕು: ಜಾವಾ ಭಾಷೆಯು ಮೌಲ್ಯದ ಬಗೆಯನ್ನು ಪ್ರೋಗ್ರಾಮು ಓಡುವ ಮೊದಲೇ ಪರೀಕ್ಷಿಸುವುದು, ಪೈಥಾನ್ ನಾವು ಬರೆದ ಬಗೆಯ ಸೂಚನೆಯನ್ನು ತಾನಾಗಿ ಪರೀಕ್ಷಿಸುವುದಿಲ್ಲ. ಅಲ್ಲಿ ಕಾವಲಿನ ಸಾಲುಗಳನ್ನು ನಾವೇ ಬರೆಯಬೇಕು.

ಎರಡನೆಯದಾಗಿ, ಡಿಕ್ಷನರಿ ಎಂಬ ರಚನೆಯಲ್ಲಿಯೂ ಹೆಸರುಗಳಿವೆಯಲ್ಲ ಎಂಬ ವಾದ. ಹೌದು, ಅಲ್ಲಿ ಪ್ರತಿ ಮೌಲ್ಯಕ್ಕೂ ಒಂದು ಕೀಲಿಪದವಿದೆ. ಯಾವ ಯಾವ ಹೆಸರುಗಳು ಬರುವುವೆಂದು ಮೊದಲೇ ತಿಳಿಯದಿದ್ದಾಗ, ಉದಾಹರಣೆಗೆ ಒಂದು ಪುಸ್ತಕದಲ್ಲಿ ಯಾವ ಪದ ಎಷ್ಟು ಸಲ ಬಂದಿದೆಯೆಂದು ಎಣಿಸುವಾಗ, ಅದಕ್ಕಿಂತ ತಕ್ಕ ರಚನೆಯಿಲ್ಲ. ಆದರೆ ಅದರ ಬಾಗಿಲು ಸದಾ ತೆರೆದಿರುವುದು. 'ಮಳೆ' ಎಂಬ ಕೀಲಿಯ ಬದಲು ಕೈತಪ್ಪಿ 'ಮಳ' ಎಂದು ಬರೆದು ಮೌಲ್ಯವನ್ನಿಟ್ಟರೆ, ಅದು ಹೊಸ ಕೀಲಿಯೆಂದು ತಿಳಿದು ಸದ್ದಿಲ್ಲದೆ ಜಾಗ ಕೊಡುವುದು. ಡೇಟಾಕ್ಲಾಸಿನಿಂದ ವಸ್ತುವನ್ನು ರಚಿಸುವಾಗ ಇಂತಹ ಅಪರಿಚಿತ ಹೆಸರು ಬಂದರೆ ಯಂತ್ರವು ಒಡನೆಯೇ ನಿರಾಕರಿಸುವುದು. ಹೊರಗಿನಿಂದ ಬರುವ ದತ್ತಾಂಶವನ್ನು ಗಡಿಯಲ್ಲಿ ಡಿಕ್ಷನರಿಯಾಗಿ ಬರಮಾಡಿಕೊಳ್ಳಲಿ. ಒಳಗೆ ಬರುವಾಗ ಅದು ವಸ್ತುವಾಗಿ ಬರಲಿ.

ಮೂರನೆಯದಾಗಿ, ಟ್ಯೂಪಲ್ ಎಂಬ ಬದಲಾಯಿಸಲಾಗದ ಪುಟ್ಟ ಸಾಲು ಇದೆಯಲ್ಲ? ಒಂದು ಬಿಂದುವಿನ ಅಕ್ಷಾಂಶ ರೇಖಾಂಶಗಳಂತಹ ಎರಡು ಮೌಲ್ಯಗಳನ್ನು ಒಂದು ಫಂಕ್ಷನ್ನಿನಿಂದ ಹೊರತಂದು ಮುಂದಿನ ಸಾಲಿನಲ್ಲಿಯೇ ಬಿಚ್ಚಿಕೊಳ್ಳುವುದಾದರೆ ಅದು ಸಾಕು. ಅಲ್ಪಾಯುವಿಗೆ ನಾಮಕರಣದ ಉತ್ಸವ ಬೇಡ. ಆದರೆ ಆ ಜೋಡಿಯು ಪ್ರೋಗ್ರಾಮಿನ ಒಂದು ಭಾಗದಿಂದ ಇನ್ನೊಂದಕ್ಕೆ ಪ್ರಯಾಣ ಹೊರಟ ಕೂಡಲೆ ಅದಕ್ಕೆ ಹೆಸರು ಬೇಕು. ಅಕ್ಷಾಂಶ ಮೊದಲೋ ರೇಖಾಂಶ ಮೊದಲೋ ಎಂಬಲ್ಲಿ ನಕ್ಷೆಯ ಬೇರೆ ಬೇರೆ ಸಾಫ್ಟ್‌ವೇರುಗಳು ಬೇರೆ ಬೇರೆ ಕ್ರಮವನ್ನು ಹಿಡಿದಿರುವುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಾಲ್ಕನೆಯದು ವೇಗದ ಪ್ರಶ್ನೆ. ಕೋಟಿಗಟ್ಟಲೆ ವೀಕ್ಷಣೆಗಳಿದ್ದರೆ ಪ್ರತಿಯೊಂದಕ್ಕೂ ಪ್ರತ್ಯೇಕ ವಸ್ತುವನ್ನು ಮಾಡುವುದು ಸ್ಮೃತಿಯನ್ನೂ ಕಾಲವನ್ನೂ ತಿನ್ನುವುದು ನಿಜ. ಅಂತಹ ಎಡೆಯಲ್ಲಿ ಒಂದೊಂದು ಅಂಗವನ್ನೂ ಒಂದೊಂದು ಉದ್ದನೆಯ ಕಂಬವಾಗಿ ಇಡುವ ಕೋಷ್ಟಕರಚನೆಯೇ ಮೇಲು. ಪೈಥಾನಿನ ಪಾಂಡಾಸ್ ಎಂಬ ಉಪಕರಣಸಂಗ್ರಹವು ಇದನ್ನು ಮಾಡುವುದು. ಆದರೆ ಗಮನಿಸಿರಿ: ಅಲ್ಲಿಯೂ ಪ್ರತಿ ಕಂಬಕ್ಕೆ ಒಂದು ಹೆಸರಿದೆ, ಒಂದು ಬಗೆಯಿದೆ; ಒಂದು ಸಾಲಿನ ಮೌಲ್ಯಗಳು ಜೋಡಿಸುವಾಗ ಒಂದನ್ನೊಂದು ಬಿಟ್ಟುಹೋಗುವುದಿಲ್ಲ. ರಚನೆ ಬದಲಾದರೂ ತತ್ತ್ವವು ಬದಲಾಗಿಲ್ಲ.

ಕಲಿಯುವವರಿಗೂ ಕಲಿಸುವವರಿಗೂ

೧೯೯೯ರಲ್ಲಿ ಮಾರ್ಟಿನ್ ಫೌಲರ್ ಎಂಬವರು ಬರೆದ 'ರೀಫ್ಯಾಕ್ಟರಿಂಗ್' ಎಂಬ ಗ್ರಂಥದಲ್ಲಿ, ಬೇರೆ ಬೇರೆ ಅರ್ಥದ ಮೌಲ್ಯಗಳನ್ನು ತುಂಬಿದ ಅರೇಯನ್ನು ತೆಗೆದು ಆ ಜಾಗದಲ್ಲಿ ವಸ್ತುವನ್ನು ಇಡುವುದು ಒಂದು ಪ್ರತ್ಯೇಕ ಚಿಕಿತ್ಸೆಯಾಗಿಯೇ ಬಂದಿದೆ. ಕಸಬುದಾರರು ಮೊದಲು ತಪ್ಪು ಮಾಡಿ ಅನಂತರ ಚಿಕಿತ್ಸೆ ಮಾಡಿಕೊಳ್ಳುವುದನ್ನು ವಿದ್ಯಾರ್ಥಿಗಳು ಮೊದಲೇ ತಪ್ಪಿಸಿಕೊಳ್ಳಬಾರದೇಕೆ?

ಪೈಥಾನನ್ನು ಕಲಿಸುವಾಗ 'ಪಟ್ಟಿಯಲ್ಲಿ ಯಾವ ಬಗೆಯ ಮೌಲ್ಯವನ್ನಾದರೂ ಇಡಬಹುದು' ಎಂಬ ಮಾತನ್ನು ಒಂದು ಹೆಗ್ಗಳಿಕೆಯಂತೆ ಹೇಳುವುದುಂಟು. ಇಡಬಹುದೆಂಬುದು ಭಾಷೆಯ ಅನುಮತಿ. ಇಡಬೇಕೆಂಬುದು ಅದರ ಉಪದೇಶವಲ್ಲ. ಪಟ್ಟಿಯನ್ನು ಕಲಿಸಿದ ವಾರದಲ್ಲಿಯೇ ಡೇಟಾಕ್ಲಾಸನ್ನೂ ಕಲಿಸಿ, ಗುಂಪಿಗೂ ಒಡಲಿಗೂ ಇರುವ ಭೇದವನ್ನು ತೋರಿಸಬೇಕೆಂದು ಅಧ್ಯಾಪಕರಲ್ಲಿ ನಮ್ಮ ವಿನಂತಿ. ಇನ್ಹೆರಿಟೆನ್ಸ್ ಮೊದಲಾದ ಗಹನ ವಿಷಯಗಳು ನಿಧಾನವಾಗಿ ಬರಲಿ. ನಾಲ್ಕು ಹೆಸರುಗಳುಳ್ಳ 'ವೀಕ್ಷಣೆ'ಯನ್ನು ಬರೆಯಲು ಅವುಗಳ ಅಗತ್ಯವಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಸಣ್ಣ ಪರೀಕ್ಷೆಯನ್ನು ಸೂಚಿಸುವೆವು. ನೀವು ಆರು ತಿಂಗಳ ಹಿಂದೆ ಬರೆದ ಪ್ರೋಗ್ರಾಮೊಂದನ್ನು ತೆರೆದು, ಅದರಲ್ಲಿ ೦, ೧, ೨ ಎಂಬ ಸ್ಥಾನಸಂಖ್ಯೆಗಳಿಂದ ಬೇರೆ ಬೇರೆ ಬಗೆಯ ಮೌಲ್ಯಗಳನ್ನು ತೆಗೆದಿರುವ ಸಾಲುಗಳನ್ನು ಹುಡುಕಿರಿ. ಒಂದೊಂದು ಸಂಖ್ಯೆಯೂ ಏನನ್ನು ಸೂಚಿಸುವುದೆಂದು ಪ್ರೋಗ್ರಾಮಿನ ಬೇರೆ ಭಾಗವನ್ನು ನೋಡದೆ ಹೇಳಿರಿ. ಹೇಳಲಾಗದ ಕಡೆಯಲ್ಲೆಲ್ಲ ಹೆಸರೊಂದು ಕಾಣೆಯಾಗಿದೆ. ಆ ಹೆಸರನ್ನು ಇಂದೇ ಬರೆದಿಡಿರಿ. ಮುಂದೆ ಆ ಲೆಕ್ಕವನ್ನು ನಂಬಿ ಕೆಲಸ ಮಾಡುವವರು ನಿಮ್ಮ ಮನಸ್ಸನ್ನು ಓದಬಲ್ಲವರಾಗಿರುವುದಿಲ್ಲ.